ಪೋಕರಿಯ ಪರ, ಪೋಕರಿಯ ವಿರುದ್ಧ

ಒಂದೇ ಕಾದಂಬರಿಯ ನಾಯಕನ ಬಗ್ಗೆ ಒಂದೇ ದಿನ ಇಬ್ಬರು ಹೆಂಗಸರು ನನಗೆ ಫೋನ್ ಮಾಡಿದರು. ಬೆಳಿಗ್ಗೆ ಥಾಣೆಯಿಂದ ಬಂದ ಫೋನಿನಲ್ಲಿ, ಅಂಥವನು ಕನಸಿನಲ್ಲಾದರೂ ಒಮ್ಮೆ ಬರಬಾರದೇ ಎಂಬ ನಿಟ್ಟುಸಿರಿತ್ತು. ಸಂಜೆ ಕಲ್ಯಾಣದಿಂದ ಬಂದ ಫೋನಿನಲ್ಲಿ, ಅಂಥವನು ಕೈಗೆ ಸಿಕ್ಕರೆ ಚಪ್ಪಲಿ ತೆಗೆದುಕೊಂಡು ಬಾರಿಸುತ್ತೇನೆ ಎಂಬ ಸಿಟ್ಟಿತ್ತು. ಓದುವವರಲ್ಲಿ ಅಭಿಪ್ರಾಯ ಭೇದ ಇರುವುದೇ. ಆದರೆ ಇವರಿಬ್ಬರೂ ಮಾತಾಡುತ್ತಿದ್ದುದು ಒಬ್ಬನೇ ಮನುಷ್ಯನ ಬಗ್ಗೆ ಎಂದು ನನಗೆ ನಂಬಲಾಗಲಿಲ್ಲ. ಇಂಥದ್ದೇನಾದರೂ ತಲೆಗೆ ಹೊಕ್ಕರೆ ಅದರ ಬುಡ ಕಾಣುವವರೆಗೆ ನನಗೆ ಊಟ ಸೇರುವುದಿಲ್ಲ. ನನ್ನ ಗಂಡ ಇದಕ್ಕೆ ಮೂಗು ತೂರಿಸುವ ಚಟ ಎನ್ನುತ್ತಾರೆ. ಇರಬಹುದು, ನಾನು ಅಲ್ಲವೆನ್ನುವುದಿಲ್ಲ.

ನಮ್ಮದು ಕಿವಿಯಿಂದ ಓದುವವರ ಬಳಗ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೊಂಬಿವಲಿ ಪೂರ್ವದಲ್ಲಿ ಎಪ್ಪತ್ತೈದು ದಾಟಿದ ಒಬ್ಬರು ಟೀಚರ್ ಇದ್ದಾರೆ. ಉಡುಪಿ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದವರು. ಟಿಟ್ವಾಳಾದಲ್ಲಿದ್ದ ಅವರ ಗೆಳತಿಗೆ ಕಣ್ಣಿನ ಆಪರೇಷನ್ ಆದಾಗ, ಪಾಪ ಬೇಜಾರಾಗುತ್ತದೆಂದು, ಒಂದು ಕಾದಂಬರಿಯ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿ ವಾಟ್ಸಾಪಿನಲ್ಲಿ ಕಳಿಸಿದರು. ಗೆಳತಿ ಅದನ್ನು ತಂಗಿಗೆ ಕಳಿಸಿದಳು, ತಂಗಿ ಇನ್ಯಾರಿಗೋ ಕಳಿಸಿದಳು. ಹೀಗೆ ಬೆಳೆದು ಅದೊಂದು ಗುಂಪಾಯಿತು. ಕನ್ನಡ ಓದಲು ಬಾರದೆ ಕೇಳಿದರೆ ಅರ್ಥವಾಗುವ ಇಲ್ಲಿಯೇ ಹುಟ್ಟಿದ ಹುಡುಗಿಯರು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅಕ್ಷರ ಮರೆತವರು, ಓದಲು ಬಂದೂ ಹೊತ್ತಿಲ್ಲದವರು, ಎಲ್ಲ ಅದರಲ್ಲಿದ್ದಾರೆ. ಟೀಚರ್ ಮಧ್ಯಾಹ್ನ ಮನೆ ಖಾಲಿಯಾದ ಮೇಲೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತ ಓದುತ್ತಾರೆ. ಆದರೂ ಪ್ರತಿ ಅಧ್ಯಾಯದಲ್ಲೂ ಪಕ್ಕದ ಮನೆಯ ಕುಕ್ಕರಿನ ಸೀಟಿ ಇದ್ದೇ ಇರುತ್ತದೆ. ಮರುದಿನ ಬೆಳಿಗ್ಗೆ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕೈ ಎತ್ತಲು ಜಾಗವಿಲ್ಲದೆ ನಿಂತವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕೇಳುತ್ತಾರೆ.

ನಾನು ಮಾತ್ರ ಕೇಳುವವಳಲ್ಲ. ನನಗೆ ಪುಸ್ತಕ ಕೈಯಲ್ಲಿರಬೇಕು, ಕೊನೆಯ ಪುಟ ಮೊದಲೇ ನೋಡಿಬಿಡಬೇಕು. ಹಾಗಾಗಿ ಟೀಚರ್ ಓದಲು ಶುರುಮಾಡಿದ ಪುಸ್ತಕದ ಒಂದು ಪ್ರತಿಯನ್ನು ಊರಿನಿಂದ ತರಿಸಿ ಒಂದೇ ವಾರದಲ್ಲಿ ಮುಗಿಸುವುದು ನನ್ನ ರೂಢಿ. ನಾನು ಮುಗಿಸಿದ ಪ್ರತಿ ಥಾಣೆಯ ಗೆಳತಿಗೆ ಹೋಗುತ್ತದೆ. ಅವಳ ಗಂಡನದ್ದು ಹೋಟೆಲು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳ ನಡುವೆ ಓದುವುದು ಅವಳ ಅಭ್ಯಾಸ.

ಈ ಸಲದ ಕಾದಂಬರಿ ಟೀಚರ್ ಕೈಗೆ ಬಂದದ್ದು ಮೋಸದಿಂದಲೇ ಎನ್ನಬೇಕು. ಅವರಿಗೆ ಐತಿಹಾಸಿಕ ಕಾದಂಬರಿ ಎಂದರೆ ಪ್ರಾಣ. ಡೊಂಬಿವಲಿಯ ಕನ್ನಡ ಸಂಘದ ಕಪಾಟಿನಲ್ಲಿ ಇದು ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿಕೊಂಡು ಕೂತಿತ್ತು. ಕರಾವಳಿಯ ರಾಣಿಯರ ಕಾಲ, ಮೆಣಸಿನ ವ್ಯಾಪಾರ, ಹಡಗುಗಳು ಎಂದು ಮೊದಲ ಪುಟದಲ್ಲಿ ಕಂಡದ್ದೇ ತಡ, ಎತ್ತಿಕೊಂಡು ಬಂದರು. ಆ ಹೊದಿಕೆಯ ಒಳಗೆ ಅಂಗಿಯ ಗುಂಡಿ ಒಂದೂ ಹಾಕಿಕೊಳ್ಳದ ಗಂಡಸೊಬ್ಬ ಚುಕ್ಕಾಣಿ ಹಿಡಿದು ನಿಂತಿದ್ದಾನೆಂಬುದು ಅವರಿಗೆ ಗೊತ್ತಾದದ್ದು ಏಳನೇ ಅಧ್ಯಾಯ ಕಳಿಸಿದ ಮೇಲೆ. ಅಷ್ಟರಲ್ಲಿ ಅಂಬರನಾಥದಿಂದ ವಾಶಿಯವರೆಗೆ ಹೆಂಗಸರು ಮುಂದೇನಾಯಿತೆಂದು ಕಾಯುತ್ತಿದ್ದರು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವುದು ಟೀಚರ್ ಜಾಯಮಾನದಲ್ಲಿಲ್ಲ.

ಕಥೆ ಇಷ್ಟು. ಅವನೊಬ್ಬ ದೋಣಿಗಾರ. ಸುಂಕ ತಪ್ಪಿಸಿ ಮೆಣಸು ಸಾಗಿಸುವವನು, ಜೂಜುಕೋರ, ಬಾಯಿ ಬಿಟ್ಟರೆ ಸುಳ್ಳು, ಬಂದರಿಗೊಂದು ಹೆಸರು. ಅವಳು ಸುಂಕದ ಕಟ್ಟೆಯ ಅಧಿಕಾರಿಯ ಮಗಳು. ಅವಳ ಮದುವೆಯನ್ನು ಅಪ್ಪ ಒಬ್ಬ ದೊಡ್ಡ ವರ್ತಕನ ಜೊತೆ ಗೊತ್ತುಮಾಡಿದ್ದಾನೆ, ಅವಳನ್ನು ಒಂದು ಮಾತೂ ಕೇಳದೆ. ಇವನು ಅಪ್ಪನ ಮುದ್ರೆಯುಂಗುರ ಕದಿಯಲು ಬಂದು ಮಗಳ ಕಣ್ಣಿಗೆ ಬೀಳುತ್ತಾನೆ. ಆಮೇಲಿನದ್ದನ್ನು ಯಾರು ಬೇಕಾದರೂ ಊಹಿಸಬಹುದು. ನಮ್ಮ ಬಳಗದಲ್ಲಿ ಅವನನ್ನು ಅವನ ಹೆಸರಿನಿಂದ ಕರೆದವರೇ ಇಲ್ಲ. ನಾವು ಕರಾವಳಿಯವರು ಪೋಕರಿ ಎಂದೆವು. ಕಲ್ಯಾಣದ ಅಕ್ಕ ಉಡಾಳ ಎಂದಳು. ಹುಡುಗಿಯರು ರೆಡ್ ಫ್ಲ್ಯಾಗ್, ಅಂದರೆ ದೂರವಿಡಬೇಕಾದವನು, ಎಂದರು.

ಮೆಣಸು ತುಂಬಿಡುವ ಕೋಠಿಯ ಅಧ್ಯಾಯ ಬರುವವರೆಗೆ ಎಲ್ಲರೂ ಅವನನ್ನು ಬೈಯುತ್ತಲೇ ಮೆಚ್ಚುತ್ತಿದ್ದರು. ನಾಯಕ ಮತ್ತು ನಾಯಕಿ ಮೊದಲ ಸಲ ಒಂದು ರಾತ್ರಿ ಒಟ್ಟಿಗೆ ಕಳೆಯುವ ಅಧ್ಯಾಯ ಅದು. ಆ ಅಧ್ಯಾಯ ಹೋದ ಮರುದಿನವೇ ಗುಂಪು ಎರಡು ಹೋಳಾಯಿತು. ನನಗೆ ಆ ಎರಡು ಫೋನುಗಳು ಬಂದದ್ದೂ ಅಂದೇ. ಪುಸ್ತಕ ಓದಿದ್ದ ಥಾಣೆಯ ಗೆಳತಿ ಮತ್ತು ಅವಳಿಂದ ಎರವಲು ಪಡೆದ ಇಬ್ಬರು ಒಂದು ಕಡೆ. ಕಲ್ಯಾಣದ ಅಕ್ಕ ಮತ್ತು ಹೆಚ್ಚುಕಡಿಮೆ ಉಳಿದವರೆಲ್ಲ ಇನ್ನೊಂದು ಕಡೆ. ಈ ಅಕ್ಕ ವಿಜಯಪುರದ ಕಡೆಯವಳು, ಅಂಬರನಾಥದಲ್ಲಿ ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮಾತಿನಲ್ಲಿ ಅವಳನ್ನು ಸೋಲಿಸಿದವರನ್ನು ನಾನಿನ್ನೂ ನೋಡಬೇಕು. ಗುಂಪಿನಲ್ಲಿ ಹಿರಿಯರಿದ್ದುದರಿಂದ ಯಾರೂ ಆ ದೃಶ್ಯವನ್ನು ಬಿಡಿಸಿ ಬರೆಯಲಿಲ್ಲ. ಪರದವರು ‘ಆ ರಾತ್ರಿ ಎಷ್ಟು ಚೆಂದ’ ಎಂದರು. ವಿರುದ್ಧದವರು ‘ಆ ರಾತ್ರಿ ಆದಮೇಲೂ ಚೆಂದ ಅನ್ನುತ್ತೀರಾ, ನಾಚಿಕೆಯಾಗಬೇಕು’ ಎಂದರು. ಹೋಟೆಲಿನ ಗೆಳತಿಗೆ ಈ ಮಾತು ನಾಟಿತು. ಎರಡು ದಿನ ಅವಳು ಗುಡ್ ಮಾರ್ನಿಂಗ್ ಕೂಡ ಕಳಿಸಲಿಲ್ಲ.

ಟೀಚರ್ ಈ ಜಗಳದಲ್ಲಿ ಬಾಯಿ ಹಾಕಲಿಲ್ಲ. ಅವರ ತಲೆಯಲ್ಲಿ ಆಗ ಬೇರೆಯದೇ ಸಂಭ್ರಮವಿತ್ತು. ಮೊಮ್ಮಗಳಿಗೆ ನೆರೂಳಿನ ಒಂದು ಮನೆತನದ ಸಂಬಂಧ ಕೂಡಿ ಬಂದಿತ್ತು. ನಮ್ಮೂರ ಕಡೆಯವರು, ಎರಡು ಹೋಟೆಲು, ಹುಡುಗ ಮೆತ್ತಗೆ ಮಾತಾಡುವವನು. ಸಂಬಂಧ ಹುಡುಕಿ ತಂದದ್ದೂ ಟೀಚರೇ. ಬರುವ ಆದಿತ್ಯವಾರ ಬಿಟ್ಟು ಅದರ ಮುಂದಿನ ಆದಿತ್ಯವಾರ ಅವರು ನಿಶ್ಚಯ ಮಾಡಿಕೊಳ್ಳಲು ಬರುವುದೆಂದು ಗುಂಪಿನಲ್ಲಿ ಧ್ವನಿ ಮೆಸೇಜು ಹಾಕಿ, ಎಲ್ಲರಿಂದ ಶುಭಾಶಯ ಸ್ವೀಕರಿಸಿದ್ದರು. ಹುಡುಗಿ ಒಪ್ಪಿದ್ದಾಳಾ ಟೀಚರ್ ಎಂದು ನಾನು ಕೇಳಿದ್ದಕ್ಕೆ, ಬೇಡ ಅಂತ ಹೇಳಲಿಲ್ಲ ಮಾರಾಯ್ತಿ, ಹಾಗಾದ್ರೆ ಒಪ್ಪಿಗೆಯೇ ಅಲ್ವಾ ಎಂದಿದ್ದರು. ನಾನೂ ಹೌದೆಂದು ತಲೆಯಾಡಿಸಿದ್ದೆ.

ಮೊಮ್ಮಗಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ವಾಶಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಹಿಂದಿ ಇಲ್ಲವೇ ಮರಾಠಿ. ಅಜ್ಜಿ ಓದಿದ್ದನ್ನು ಮನೆಯಲ್ಲಿ ಕೇಳದೆ ರೈಲಿನಲ್ಲಿ ಕೇಳುತ್ತಾಳೆ; ಮನೆಯಲ್ಲಿ ಅಪ್ಪನ ಟಿವಿ, ಅಮ್ಮನ ಮಿಕ್ಸರ್ ಎಂದು ಅವಳ ದೂರು. ನನ್ನ ಆಫೀಸು ಥಾಣೆಯಲ್ಲಿ. ಅವಳು ವಾಶಿಯಿಂದ ಬಂದು ಥಾಣೆಯಲ್ಲಿ ಗಾಡಿ ಬದಲಿಸುತ್ತಾಳೆ. ಹಾಗಾಗಿ ಸಂಜೆ ಕೆಲವೊಮ್ಮೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿ ಒಟ್ಟಿಗೆ ಡೊಂಬಿವಲಿಗೆ ಬರುವುದುಂಟು.

ಆ ವಾರ ಸಿಕ್ಕಾಗ ಅವಳ ಮುಖದಲ್ಲಿ ಕಳೆಯಿರಲಿಲ್ಲ. ನೆರೂಳಿನವರ ಸುದ್ದಿ ಎತ್ತಿದೆ. ‘ಠೀಕ್ ಹೈ ಆಂಟಿ’ ಎಂದು ಮಾತು ಮುಗಿಸಿದಳು. ನಾನು ವಿಷಯ ಬದಲಿಸಲೆಂದು ಪೋಕರಿಯನ್ನು ಎಳೆದು ತಂದೆ. ಅವನ ಹೆಸರೆತ್ತಿದ್ದೇ ಅವಳಿಗೆ ಜೀವ ಬಂತು. ನಾನು ಪೋಕರಿಯ ಪರ ಎಂದು ಯಾರೋ ಚಾಡಿ ಹೇಳಿದ್ದರು. ನಿಮಗೆ ಅವನು ಇಷ್ಟವಾದನಾ, ನಿಜವಾಗಿಯೂ ಇಷ್ಟವಾದನಾ ಎಂದು ಮರಾಠಿಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಸುಳ್ಳು ಹೇಳಿದ್ದನ್ನು ಬಿಡಬಹುದು, ಕಳ್ಳತನವನ್ನೂ ಬಿಡಬಹುದು, ಆ ರಾತ್ರಿಯನ್ನು ಹೇಗೆ ಬಿಡುತ್ತೀರಿ ಎಂದಳು. ಆಮೇಲೆ ದನಿ ಇಳಿಸಿ ಹಿಂದಿಯಲ್ಲಿ ಹೇಳಿದಳು.

‘ಉಸ್ನೇ ಪೂಛಾ ಭೀ ನಹೀಂ, ಆಂಟಿ.’

ಅವನು ಅವಳನ್ನು ಕೇಳಲೂ ಇಲ್ಲ ಎಂದು. ನಾನು ಬೆಪ್ಪಾದೆ. ಆ ಪುಸ್ತಕದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದೇ ಅವನು ಕೇಳಿದ ರೀತಿ. ಕೇಳಿದನಲ್ಲ ಮಗಳೇ ಎಂದೆ. ಇಲ್ಲ ಎಂದಳು. ಕೇಳಿದ ಎಂದೆ. ಅವಳು ಇನ್ನು ಮಾತಿಲ್ಲವೆಂಬಂತೆ ಒಂದು ಇಯರ್‌ಫೋನನ್ನು ನನ್ನ ಕಿವಿಗೆ ಕೊಟ್ಟು, ಇನ್ನೊಂದನ್ನು ತಾನಿಟ್ಟುಕೊಂಡು, ಮೊಬೈಲಿನಲ್ಲಿ ಆ ಅಧ್ಯಾಯವನ್ನು ಹುಡುಕಿದಳು. ಅಷ್ಟರಲ್ಲಿ ಟಿಟ್ವಾಳಾ ಲೋಕಲ್ ಬಂತು. ಕೂರಲು ಜಾಗ ಕಾಣುತ್ತಿತ್ತು. ನಾವಿಬ್ಬರೂ ಹತ್ತಲಿಲ್ಲ. ಥಾಣೆಯಲ್ಲಿ ಸಂಜೆ ಜಾಗವಿದ್ದ ಗಾಡಿಯನ್ನು ಬಿಟ್ಟವರನ್ನು ಜನ ಹುಚ್ಚರೆಂದೇ ತಿಳಿಯುತ್ತಾರೆ.

ಕಿವಿಯಲ್ಲಿ ಟೀಚರ್ ದನಿ ಕೇಳಿಸಿತು. ಅವನು ಕೋಠಿಯ ಬಾಗಿಲು ತಳ್ಳಿ ಒಳಗೆ ಬಂದ. ಅವಳು ಮೆಣಸಿನ ಮೂಟೆಗಳ ನಡುವೆ ದೀಪ ಹಿಡಿದು ನಿಂತಿದ್ದಳು. ಬಾಗಿಲು ಮುಚ್ಚಿತು. ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕಲು ಶುರುಮಾಡಿತು. ಸೀಟಿ ಅರ್ಧಕ್ಕೇ ನಿಂತು, ಟೀಚರ್ ದನಿ ಮುಂದುವರಿಯಿತು: ಬೆಳಗಾದಾಗ ಅವಳು ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತು ಅಳುತ್ತಿದ್ದಳು.

ಇನ್ನೊಮ್ಮೆ ಹಾಕು ಎಂದೆ. ಇನ್ನೊಮ್ಮೆ ಹಾಕಿದಳು. ಕುಕ್ಕರಿನ ಸೀಟಿ ಅರ್ಧಕ್ಕೆ ನಿಲ್ಲುವುದೆಂದರೇನು? ಟೀಚರ್ ಅಲ್ಲಿ ರೆಕಾರ್ಡಿಂಗನ್ನು ನಿಲ್ಲಿಸಿ, ಪುಟ ಮಗುಚಿ, ಮತ್ತೆ ಶುರು ಮಾಡಿದ್ದರು. ನನಗೆ ಮೊದಲು ನಗು ಬಂತು. ಆಮೇಲೆ ನಗು ತಾನಾಗಿ ನಿಂತಿತು. ಬಾಗಿಲು ಮುಚ್ಚಿದ್ದು, ಮರುಕ್ಷಣ ಅವಳು ಅಳುತ್ತಿರುವುದು. ನಡುವೆ ಏನೂ ಇಲ್ಲದೆ ಇವೆರಡನ್ನೇ ಕೇಳಿದ ಯಾವ ಹೆಂಗಸಾದರೂ ನಡುವೆ ನಡೆದದ್ದು ಏನೆಂದುಕೊಳ್ಳುತ್ತಾಳೆ? ಕಲ್ಯಾಣದ ಅಕ್ಕ ಚಪ್ಪಲಿ ತೆಗೆದದ್ದರಲ್ಲಿ ತಪ್ಪೇನಿತ್ತು? ಕೆಟ್ಟದ್ದು ಕೇಳಿಸಬಾರದೆಂದು ಬಿಟ್ಟ ಪುಟಗಳು ಅದಕ್ಕಿಂತ ಎಷ್ಟೋ ಕೆಟ್ಟದ್ದನ್ನು ಕೇಳಿಸಿದ್ದವು.

ಅಲ್ಲೇ ನಿಂತು ಬಿಟ್ಟ ಭಾಗವನ್ನು ನನಗೆ ನೆನಪಿದ್ದ ಹಾಗೆ ಅವಳಿಗೆ ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಅವನು ಅಲ್ಲಿಂದ ಒಂದು ಹೆಜ್ಜೆಯನ್ನೂ ಮುಂದೆ ಇಡುವುದಿಲ್ಲ. ನಿನಗೆ ಒಪ್ಪಿಗೆಯೇ ಎಂದು ಕೇಳುತ್ತಾನೆ. ಅವಳು ಗೊತ್ತಿಲ್ಲ ಎನ್ನುತ್ತಾಳೆ. ಹಾಗಾದರೆ ಕಾಯುತ್ತೇನೆ ಎಂದು ಒಂದು ಮೂಟೆಯ ಮೇಲೆ ಕೂರುತ್ತಾನೆ. ಕೂತು ಸಮುದ್ರದ ಮೀನು, ದೋಣಿಗೆ ಹಚ್ಚುವ ಎಣ್ಣೆ, ತನ್ನ ಅಮ್ಮ ಮಾಡುತ್ತಿದ್ದ ಸಾರು ಎಂದು ಸಂಬಂಧವಿಲ್ಲದ್ದನ್ನೆಲ್ಲ ಮಾತಾಡುತ್ತಾನೆ. ಅವಳಿಗೆ ನಿದ್ದೆ ಬಂದರೆ ಹೊರಟುಹೋಗುತ್ತೇನೆ ಎಂದೂ ಹೇಳುತ್ತಾನೆ. ಕೊನೆಗೆ ದೀಪ ಸಣ್ಣದು ಮಾಡಿ ಅವನ ಹತ್ತಿರ ಬರುವವಳು ಅವಳೇ. ಅಲ್ಲಿಂದ ಮುಂದಿನ ಐದು ಪುಟಗಳನ್ನು ನಾನು ಥಾಣೆ ಪ್ಲಾಟ್‌ಫಾರ್ಮಿನಲ್ಲಿ ಹೇಳುವಂತಿರಲಿಲ್ಲ, ಕೈ ಬೀಸಿ ಮುಗಿಸಿದೆ. ಬೆಳಿಗ್ಗೆ ಅವಳು ಅತ್ತದ್ದು ಅವನ ದೋಣಿ ಹೊರಟುಹೋಗಿತ್ತೆಂದು.

ಹುಡುಗಿ ಐದು ಪುಟಗಳ ಬಗ್ಗೆ ಏನೂ ಕೇಳಲಿಲ್ಲ. ಗೊತ್ತಿಲ್ಲ ಎಂದಾಗ ಅವನು ಏನು ಮಾಡಿದ ಎಂಬುದನ್ನಷ್ಟೇ ಇನ್ನೊಮ್ಮೆ ಹೇಳಲು ಹೇಳಿದಳು. ಕಾಯುತ್ತೇನೆ ಅಂದ, ಕೂತ ಎಂದೆ. ಸಿಟ್ಟು ಮಾಡಿಕೊಳ್ಳಲಿಲ್ಲವಾ ಎಂದಳು. ಇಲ್ಲ ಎಂದೆ. ಮುಂದಿನ ಗಾಡಿ ಬಂತು, ಅದರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹೇಗೋ ನುಗ್ಗಿದೆವು. ಕಳವಾ ದಾಟಿ ಗಾಡಿ ಸುರಂಗದೊಳಗೆ ಹೊಕ್ಕಾಗ ನನ್ನ ಹೆಗಲಿಗೆ ಒತ್ತಿಕೊಂಡು ನಿಂತಿದ್ದ ಅವಳು, ನನಗೋ ತನಗೋ ಎಂಬಂತೆ, ನನ್ನನ್ನೂ ಯಾರೂ ಕೇಳಲಿಲ್ಲ ಎಂದು ಹಿಂದಿಯಲ್ಲಿ ಅಂದಳು. ಹುಡುಗ ಒಳ್ಳೆಯವನೇ ಇರಬಹುದು, ಬೇಡ ಅನ್ನಲು ಕಾರಣವಿಲ್ಲ, ಆದರೆ ಯಾರೂ ಕೇಳಲಿಲ್ಲ. ಬೇಡ ಅನ್ನಲಿಲ್ಲ ಅಂದರೆ ಒಪ್ಪಿಗೆ ಎಂದು ತಲೆಯಾಡಿಸಿದವರಲ್ಲಿ ನಾನೂ ಒಬ್ಬಳಾಗಿದ್ದೆನಲ್ಲ.

ಶನಿವಾರ ಮಧ್ಯಾಹ್ನ ಟೀಚರ್ ಮನೆಗೆ ಹೋದೆ. ಮರುದಿನ ಅವರ ಮನೆಯಲ್ಲೇ ಬಳಗದ ತಿಂಗಳ ಭೇಟಿ ಇತ್ತು, ಎರಡೂ ಕಡೆಯವರು ಸೆರಗು ಬಿಗಿದು ಬರುವವರಿದ್ದರು. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಕೂತೆ. ಟೀಚರ್ ಮಜ್ಜಿಗೆ ತಂದುಕೊಟ್ಟರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೆಣಸಿನ ಕೋಠಿಯಲ್ಲಿ ಕೆಲವು ಪುಟ ಬಿಟ್ಟಿದ್ದೀರಲ್ಲ ಎಂದು ನೇರವಾಗಿ ಕೇಳಿದೆ. ಅವರು ಸ್ವಲ್ಪವೂ ಕಸಿವಿಸಿಗೊಳ್ಳಲಿಲ್ಲ. ಹೌದು, ಬಿಟ್ಟಿದ್ದೇನೆ, ಅದರಲ್ಲಿ ಕದ್ದುಮುಚ್ಚುವುದು ಎಂತ ಉಂಟು, ಮೊಮ್ಮಗಳು ಕೇಳ್ತಾಳೆ ಎಂದರು. ಪದ್ಯಪುಸ್ತಕದಲ್ಲಿ ಇಂಥದ್ದು ಬಂದಾಗ ಮಕ್ಕಳಿಗೆ ಮುಂದಿನ ಪದ್ಯ ತೆರೆಯಲು ಹೇಳುತ್ತಿದ್ದರಂತೆ. ನಲವತ್ತು ಮಕ್ಕಳಿಗೆ ಮಾಡಿದ್ದನ್ನೇ ಇಲ್ಲಿಯೂ ಮಾಡಿದೆ ಎಂದರು.

ನಾನು ಸುಮ್ಮನಿರಬಹುದಿತ್ತು. ಆದರೆ ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಆ ಐದು ಪುಟಗಳನ್ನು ಬಿಟ್ಟದ್ದು ಸರಿ, ನನಗೂ ಗಟ್ಟಿಯಾಗಿ ಓದಲು ಆಗುತ್ತಿರಲಿಲ್ಲ. ಅದಕ್ಕೂ ಮೊದಲಿನ ಒಂದು ಪುಟ ಇದೆಯಲ್ಲ, ಅವನು ಕೇಳುವುದು, ಅವಳು ಗೊತ್ತಿಲ್ಲ ಅನ್ನುವುದು, ಅವನು ಮೂಟೆಯ ಮೇಲೆ ಕೂತು ಸಾರಿನ ವಿಷಯ ಮಾತಾಡುವುದು. ಅದರಲ್ಲಿ ಕೊಳಕು ಏನಿದೆ? ಅದನ್ನು ಯಾಕೆ ಬಿಟ್ಟಿರಿ ಎಂದೆ.

ಟೀಚರ್ ಎದ್ದು ಹೋಗಿ ಫ್ಯಾನಿನ ವೇಗ ಕಡಿಮೆ ಮಾಡಿದರು, ಬಂದು ಕೂತರು.

‘ಆ ಐದು ಪುಟ ನಾಚಿಕೆಗೆ ಬಿಟ್ಟದ್ದು. ಇದು ನಾಚಿಕೆಗೆ ಬಿಟ್ಟದ್ದಲ್ಲ ಮಾರಾಯ್ತಿ. ಇದು ನನಗೆ ಸುಳ್ಳು ಅಂತ ಕಂಡಿತು. ಹಾಗೆ ಕೇಳುವ ಗಂಡಸು ಎಲ್ಲಿಯಾದರೂ ಇರ್ತಾನಾ? ಓದ್ಲಿಕ್ಕೆ ಹೊರಟರೆ ಬಾಯಿಯೇ ಬರ್ಲಿಲ್ಲ.’

ಆಮೇಲೆ, ನಾನು ಕೇಳದೆಯೇ, ಅವರು ತಮ್ಮ ಮದುವೆಯ ಮಾತು ಹೇಳಿದರು. ಮದುವೆಗೆ ಮೊದಲು ಅಪ್ಪ ಕೇಳಲಿಲ್ಲ. ಮದುವೆಯಾದ ಮೇಲೆ ಗಂಡ ಕೇಳಲಿಲ್ಲ. ಗಂಡ ತೀರಿಕೊಂಡು ಹತ್ತು ವರ್ಷದ ಮೇಲಾಯಿತು, ಅವರ ಮೇಲೆ ದೂರು ಏನೂ ಇಲ್ಲ ಎಂದರು.

‘ಒಳ್ಳೆಯವರೇ ಅವರು. ಕೇಳ್ಲಿಕ್ಕೆ ಉಂಟು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.’

ಈ ಮನೆಯಲ್ಲಿ ಎಷ್ಟೋ ಸಲ ಕೂತಿದ್ದೇನೆ, ಅವರು ಹೀಗೆ ಮಾತಾಡಿದ್ದನ್ನು ಕೇಳಿರಲಿಲ್ಲ. ರೈಲಿನಲ್ಲಿ ಹುಡುಗಿ ಅಂದದ್ದು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಅದು ಅವಳ ಮಾತು, ಅವಳು ನನ್ನ ಹೆಗಲಿಗೆ ಹೇಳಿದ್ದು. ನಾನು ಇಷ್ಟು ಮಾತ್ರ ಹೇಳಿದೆ: ಅವನು ಕೇಳಲಿಲ್ಲ ಎಂದು ನಿಮ್ಮ ಮೊಮ್ಮಗಳಿಗೆ ಅವನ ಮೇಲೆ ಬಹಳ ಸಿಟ್ಟಿದೆ. ಟೀಚರ್ ತಲೆ ಎತ್ತಿದರು. ಅವಳಿಗೆ ಅಷ್ಟು ಸಿಟ್ಟು ಎಂತಕ್ಕೆ ಎಂದು ಕೇಳಿದರು. ಅವಳನ್ನೇ ಕೇಳಿ ಎಂದು ಹೇಳಿ ನಾಲ್ಕು ಮಹಡಿ ಇಳಿದು ಬಂದೆ.

ಆದಿತ್ಯವಾರ ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಹಾಲಿನಲ್ಲಿ ಚಾಪೆ ಹಾಕಿ, ಗೋಳಿಬಜೆಯ ದೊಡ್ಡ ತಟ್ಟೆ ನಡುವಿನಲ್ಲಿಟ್ಟಿದ್ದರು. ಥಾಣೆಯ ಗೆಳತಿ ಕಿಟಕಿಯ ಹತ್ತಿರ ಕೂತಳು, ಕಲ್ಯಾಣದ ಅಕ್ಕ ಬೇಕೆಂದೇ ಬಾಗಿಲ ಹತ್ತಿರ ಕೂತಳು. ಒಳಕೋಣೆಯಲ್ಲಿ ಟೀಚರ್ ಮಗ ಕ್ರಿಕೆಟ್ ನೋಡುತ್ತಿದ್ದರು, ಸೊಸೆ ಅಡಿಗೆಮನೆಯಲ್ಲಿದ್ದರು. ಮೊಮ್ಮಗಳು ಚಾ ಹಂಚಿ ಅಜ್ಜಿಯ ಪಕ್ಕದಲ್ಲಿ ಕೂತಳು. ಜಗಳ ಶುರುವಾಗುವ ಮೊದಲೇ ಟೀಚರ್ ಕನ್ನಡಕ ಹಾಕಿಕೊಂಡು, ಕ್ಯಾಲೆಂಡರ್ ಹಾಳೆಯ ಹೊದಿಕೆಯ ಪುಸ್ತಕವನ್ನು ಕೈಗೆತ್ತಿಕೊಂಡರು. ನಾನು ಸ್ವಲ್ಪ ಬಿಟ್ಟು ಓದಿದ್ದೆ, ಅದರಿಂದ ನಿಮ್ಮಲ್ಲಿ ಜಗಳವಾಯಿತು, ಈಗ ಓದುತ್ತೇನೆ ಎಂದರು. ಅಷ್ಟೇ ಪೀಠಿಕೆ.

ಬಾಗಿಲು ಮುಚ್ಚಿತು ಎಂಬಲ್ಲಿಂದ ಶುರು ಮಾಡಿದರು. ನಿನಗೆ ಒಪ್ಪಿಗೆಯೇ ಎಂಬಲ್ಲಿ ದನಿ ಒಂದಿಷ್ಟು ತಡವರಿಸಿತು, ನಿಲ್ಲಲಿಲ್ಲ. ಗೊತ್ತಿಲ್ಲ. ಹಾಗಾದರೆ ಕಾಯುತ್ತೇನೆ. ಮೀನು, ಎಣ್ಣೆ, ಸಾರು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಅಲ್ಲಿಗೆ ನಿಲ್ಲಿಸುತ್ತಾರೆಂದು ನಾನು ಎಣಿಸಿದ್ದೆ. ಟೀಚರ್ ಪುಟ ಮಗುಚಿ, ಹಾಜರಿ ಕೂಗುವ ದನಿಯಲ್ಲಿ ಮುಂದಿನದ್ದನ್ನೂ ಓದತೊಡಗಿದರು. ಕುಪ್ಪಸ, ಬೆನ್ನು, ಬೆವರು, ಎಲ್ಲವೂ ಅದೇ ದನಿಯಲ್ಲಿ ಒಂದರ ಹಿಂದೆ ಒಂದು ಬಂದವು. ಮೊಮ್ಮಗಳು ಮುಖಕ್ಕೆ ದಿಂಬು ಹಿಡಿದುಕೊಂಡಳು. ಎರಡನೇ ಪುಟದ ನಡುವಿನಲ್ಲಿ ಕಲ್ಯಾಣದ ಅಕ್ಕ ಕೈ ಎತ್ತಿದಳು.

‘ಸಾಕ್ರಿ ಟೀಚರ್ರ. ಮುಂದಿಂದು ನಮಗೂ ಗೊತ್ತೈತಿ.’

ಚಾಪೆಯ ಮೇಲೆ ಬಿದ್ದು ಬಿದ್ದು ನಕ್ಕೆವು. ಥಾಣೆಯ ಗೆಳತಿಗಂತೂ ಕಣ್ಣಲ್ಲಿ ನೀರು ಬಂತು. ನಗು ಇಳಿದ ಮೇಲೆ ಎಲ್ಲರೂ ಒಂದೇ ಕಡೆಯಾಗುತ್ತಾರೆಂದು ಯಾರಾದರೂ ಎಣಿಸಿದರೆ ನಮ್ಮ ಬಳಗ ಅವರಿಗೆ ಗೊತ್ತಿಲ್ಲ ಎಂದೇ ಅರ್ಥ. ಕಲ್ಯಾಣದ ಅಕ್ಕ ಒಂದು ಹೆಜ್ಜೆ ಮಾತ್ರ ಹಿಂದೆ ಸರಿದಳು. ಅಂವ ಕೇಳಿದ್ದು ಖರೆ, ಚಪ್ಪಲಿ ಒಳಗ ಇಡತೀನಿ. ಆದರ ಮುಂಜಾನೆ ಹೇಳದ ಕೇಳದ ದೋಣಿ ಹತ್ತಿ ಹೋದನಲ್ಲ, ಅದಕ್ಕೇನಂತೀರಿ, ಉಡಾಳ ಉಡಾಳನ ಎಂದಳು. ರಾಣಿಯ ಭಟರು ಬೆನ್ನು ಹತ್ತಿದ್ದರು, ಹೋಗದೆ ಏನು ಮಾಡಬೇಕಿತ್ತು ಎಂದು ಗೆಳತಿ ವಾದಿಸಿದಳು. ಒಂದು ಚೀಟಿ ಬರೆದಿಡಬಹುದಿತ್ತು ಎಂದು ಇನ್ನೊಬ್ಬಳು. ಅವನಿಗೆ ಬರೆಯಲು ಬರುತ್ತಿರಲಿಲ್ಲ ಎಂದು ನಾನು. ಜಗಳ ಮತ್ತೆ ಹದಕ್ಕೆ ಬಂದಿತ್ತು, ಗೋಳಿಬಜೆ ಖಾಲಿಯಾಗುತ್ತಿತ್ತು, ನನಗೆ ಬಹಳ ಖುಷಿಯಾಗಿತ್ತು.

ಟೀಚರ್ ಮಾತ್ರ ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಮೊಮ್ಮಗಳನ್ನೇ ನೋಡುತ್ತಿದ್ದರು. ಅವಳು ಯಾರ ಪರವೂ ಮಾತಾಡಿರಲಿಲ್ಲ. ನಾವು ಒಬ್ಬೊಬ್ಬರಾಗಿ ಅದನ್ನು ಗಮನಿಸಿ ಸುಮ್ಮನಾದೆವು.

‘ಮಗಾ, ನೆರೂಳಿನವರ ವಿಷಯದಲ್ಲಿ ನಿನ್ನನ್ನು ನಾವು ಯಾರಾದರೂ ಕೇಳಿದ್ದೇವಾ?’

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಒಳಕೋಣೆಯಲ್ಲಿ ಕ್ರಿಕೆಟ್ಟಿನ ಸದ್ದು ನಿಂತಿತು. ಸೊಸೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದರು.

‘ನಿನಗೆ ಒಪ್ಪಿಗೆಯಾ?’

ಅವಳು ಬಹಳ ಹೊತ್ತು ಚಾಪೆಯ ಎಳೆಯನ್ನು ಕೀಳುತ್ತ ಕೂತಳು. ಹುಟ್ಟಿದಾಗಿನಿಂದ ನೋಡಿದ ಹುಡುಗಿ, ನನ್ನ ಎದುರಿಗೆ ಕನ್ನಡದಲ್ಲಿ ಒಂದು ಪೂರ್ತಿ ಉತ್ತರ ಕೊಟ್ಟದ್ದಿಲ್ಲ.

‘ಗೊತ್ತಿಲ್ಲ ಅಜ್ಜಿ’ ಎಂದಳು.

‘ಹಾಗಾದ್ರೆ ಕಾಯುವ’ ಎಂದು ಟೀಚರ್ ಪುಸ್ತಕ ಮುಚ್ಚಿ ಕನ್ನಡಕ ತೆಗೆದರು.

ಮಗ ಹಾಲಿಗೆ ಬಂದು ನಿಂತಿದ್ದರು. ಮುಂದಿನ ವಾರ ಬರುವುದು ಬೇಡ ಅಂತ ನೆರೂಳಿಗೆ ಫೋನ್ ಮಾಡು, ಹುಡುಗನಿಗೆ ಇವಳ ಹತ್ತಿರ ಮಾತಾಡುವ ಮನಸ್ಸಿದ್ದರೆ ಅವನೊಬ್ಬನೇ ಬಂದು ಮಾತಾಡಲಿ, ಕಾಯಲು ಆಗದಿದ್ದರೆ ಬಿಡಲಿ ಎಂದು ಟೀಚರ್ ಅವರಿಗೆ ಹೇಳಿದರು. ಮಗ ನಮ್ಮನ್ನೆಲ್ಲ ಒಮ್ಮೆ ನೋಡಿದರು.

‘ಮಾತು ಕೊಟ್ಟಾಗಿದೆ ಅಮ್ಮ. ಅವರು ಎಂತ ಎಣಿಸಿಯಾರು?’

‘ಎಣಿಸಲಿ. ಒಬ್ಬ ಪೋಕರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲದೆ ಹೋಯ್ತಲ್ಲ.’

ಮಗಳು ತಲೆ ಎತ್ತಿ ಅಪ್ಪನ ಮುಖ ನೋಡಿದಳು. ಅವರು ಜೇಬಿನಿಂದ ಮೊಬೈಲ್ ತೆಗೆದು, ಬಾಲ್ಕನಿಗೆ ಹೋಗಿ, ಬಾಗಿಲನ್ನು ಎಳೆದುಕೊಂಡರು.